ಕಾಲುವೆ ನೀರಿನ ತೀರ್ಮಾನಕ್ಕೆ ಚೀಟಿ ಎತ್ತಿ ಜನರನ್ನು ಕರೆದರೆ ಹೇಗೆ?

ನಮ್ಮದು ಮಾನ್ವಿ ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ನೀರು ಬಿಡುವುದನ್ನು ಸಲಹಾ ಸಮಿತಿಯಲ್ಲಿ ಶಾಸಕರು, ಅಧಿಕಾರಿಗಳು ಕೂತು ತೀರ್ಮಾನಿಸುತ್ತಾರೆ. ಐರ್ಲೆಂಡಿನಲ್ಲಿ 2016ರಲ್ಲಿ 99 ಜನಸಾಮಾನ್ಯರನ್ನು ಲಾಟರಿ ತರಹ ಆರಿಸಿದರು. ತಜ್ಞರ ಮಾತು ಕೇಳಿಸಿ, ಗರ್ಭಪಾತ ಕಾನೂನಿನ ಚರ್ಚೆ ಮಾಡಿಸಿದರು. 2018ರಲ್ಲಿ ಜನಮತಗಣನೆಯೂ ಆಯಿತು. ನಮ್ಮಲ್ಲೂ ಮಾಡಬಹುದು ಅಲ್ವಾ?

ಉತ್ತರ: ಗ್ರಾಮಸಭೆ ಇದೆಯಲ್ಲ ಅಣ್ಣ?

ಕೇಳಿದವರು: ಇದೆ. ನಮ್ಮೂರಲ್ಲಿ ಯಾವಾಗಲೂ ಅವೇ ಮುಖಗಳು. ಫಲಾನುಭವಿ ಪಟ್ಟಿ ಓದಿ, ಸಹಿ ಹಾಕಿಸಿ ಮುಗಿಸುತ್ತಾರೆ. ಚೀಟಿ ಎತ್ತಿದರೆ ಹತ್ತಿ ಬಿಡಿಸುವ ಹೆಂಗಸರ ಹೆಸರೂ ಬರುತ್ತದೆ.

ಉತ್ತರ: ಅವರ ಆ ದಿನದ ಕೂಲಿ ಯಾರು ಕೊಡುತ್ತಾರೆ? ಕಾಲುವೆಯ ಮೇಲ್ಭಾಗದ ಗಂಗಾವತಿಯ ಭತ್ತ ಬೆಳೆಯುವವರು ಒಪ್ಪುತ್ತಾರಾ?

ಕೇಳಿದವರು: ಕೂಲಿ ಸರ್ಕಾರವೇ ಕೊಡಬೇಕು, ಇಲ್ಲದಿದ್ದರೆ ಸುಮ್ನೆ ನಾಟಕ. ಗಂಗಾವತಿಯವರೂ ಅದೇ ಚೀಟಿಯಲ್ಲಿ ಬರಲಿ. ಕಾಲುವೆ ನೀರು ಅಳೆಯುವ ಗೇಜಿನ ಲೆಕ್ಕ ಎದುರಿಗಿಟ್ಟು ಜಗಳ ಆಡೋಣ.