ಐದನೇ ಪಿಕ್ ಕೈಗೆ ಬಂದಿದೆ, ಯೂಟಾ ಯಾರನ್ನು ತಗೋಬೇಕು?

ಒಂಟಿಕೊಪ್ಪಲ್ ಜಾಝ್ (21 ಜೂನ್ 2025)

ಮೈಸೂರಿನಲ್ಲಿ ಯೂಟಾ ಜಾಝ್ (ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಲೀಗ್‌ನ ತಂಡ) ಅಭಿಮಾನಿ ಅಂತ ಇದ್ದರೆ ಅದು ಬಹುಶಃ ನಾನೊಬ್ಬನೇ. 1997, 1998 ಎರಡು ವರ್ಷವೂ ಫೈನಲ್‌ಗೆ ಬಂದು, ಎರಡು ಸಲವೂ ಶಿಕಾಗೋ ಬುಲ್ಸ್ ಕೈಯಲ್ಲಿ 4-2ರಲ್ಲಿ ಸೋತ ತಂಡ ಇದು. ನಾನಾಗ ಹೈಸ್ಕೂಲಿನಲ್ಲಿದ್ದೆ. ನಮ್ಮ ಬೀದಿಯ ಹುಡುಗರೆಲ್ಲ ಜೋರ್ಡನ್ ಪಾರ್ಟಿ. ಎಲ್ಲರೂ ಒಂದು ಕಡೆ ನಿಂತರೆ ನನಗೆ ಇನ್ನೊಂದು ಕಡೆ ನಿಲ್ಲುವ ಚಾಳಿ, ಜಾಝ್‌ನ ಸ್ಟಾಕ್‌ಟನ್ ಪಾರ್ಟಿ ಆದೆ. ಇಪ್ಪತ್ತೇಳು ವರ್ಷವಾಯಿತು, ಕಪ್ ನೋಡಿಲ್ಲ. ಜೊತೆಗಿದ್ದ ಆರ್‌ಸಿಬಿ ಕೂಡ ಈ ತಿಂಗಳು ಗೆದ್ದುಬಿಟ್ಟಿತು. ಈಗ ನಾನು ಒಂಟಿ.

ಮೇ 13ರ ಬೆಳಗಿನ ಜಾವ ಅಲಾರಾಂ ಇಟ್ಟುಕೊಂಡು ಎದ್ದು ಡ್ರಾಫ್ಟ್ ಲಾಟರಿ ನೋಡಿದೆ. ಹೊಸ ಹುಡುಗರನ್ನು ಆರಿಸುವ ಸರದಿ (ಅದೇ ಪಿಕ್) ಯಾರಿಗೆ ಎಷ್ಟನೆಯದು ಅಂತ ತೀರ್ಮಾನ ಆಗುವುದು ಅಲ್ಲೇ; ಹೆಚ್ಚು ಸೋತವರಿಗೆ ಹೆಚ್ಚು ಅವಕಾಶ. 82 ಪಂದ್ಯದಲ್ಲಿ 65 ಸೋತಿದ್ದೆವು, ಇಡೀ ಲೀಗ್‌ಗೇ ಕೊನೆ. ಹಾಗಿದ್ದರೂ ಮೊದಲ ಪಿಕ್ ಸಿಗುವ ಅವಕಾಶ ಶೇ 14 ಮಾತ್ರ. ಐದನೇ ಜಾಗಕ್ಕೆ ಜಾರುವ ಅವಕಾಶ ಶೇ 47.9. ಜಾರಿದೆವು. ಮೊದಲ ಪಿಕ್ ಹೋಗಿದ್ದು ಶೇ 1.8 ಅವಕಾಶವಿದ್ದ ಡಾಲಸ್‌ಗೆ. ಫೆಬ್ರವರಿಯಲ್ಲಿ ಡಾನ್ಚಿಚ್‌ನಂಥ ದೊಡ್ಡ ಆಟಗಾರನನ್ನು ಲೇಕರ್ಸ್‌ಗೆ ಕೊಟ್ಟು ಕೂತಿದ್ದ ತಂಡಕ್ಕೆ! ಹೆಂಡತಿ ಎದ್ದು ಬಂದು "ನಿಮ್ಮವರು ಏನಾದರು" ಅಂತ ಕೇಳಿದಳು. ಐದನೆಯವರು ಅಂದೆ. "ಪರವಾಗಿಲ್ವೇ, ಐದನೇ ರ‍್ಯಾಂಕು" ಅಂದು ಕಾಫಿಗೆ ನೀರಿಟ್ಟಳು.

ಹೊಸಬರಿಗೆ ಒಂದು ಮಾತು. ಡ್ರಾಫ್ಟ್ ಅಂದರೆ ಐಪಿಎಲ್ ಹರಾಜಿನ ಹಾಗಲ್ಲ. ಹೆಚ್ಚು ದುಡ್ಡು ಕೂಗಿದವರಿಗೆ ಆಟಗಾರ ಅಂತಿಲ್ಲ. ಸರದಿ ಪ್ರಕಾರ ಹೆಸರು ಹೇಳಬೇಕು, ನಿಮಗಿಂತ ಮೊದಲಿನವರು ಹೇಳಿದ ಹೆಸರು ನಿಮಗಿಲ್ಲ.

ಮೊದಲ ಎರಡು ಹೆಸರು ಹೆಚ್ಚುಕಡಿಮೆ ಗೊತ್ತೇ ಇದೆ. ಡ್ಯೂಕ್ ವಿಶ್ವವಿದ್ಯಾಲಯದ ಕೂಪರ್ ಫ್ಲ್ಯಾಗ್ ಡಾಲಸ್‌ಗೆ, ರಟ್ಗರ್ಸ್ ವಿಶ್ವವಿದ್ಯಾಲಯದ ಡಿಲನ್ ಹಾರ್ಪರ್ ಸ್ಯಾನ್ ಆಂಟೋನಿಯೋಗೆ. ಅಲ್ಲಿಂದ ಮುಂದೆ ಗೊಂದಲ. ಬಹಾಮಾಸ್‌ನ ವಿ.ಜೆ. ಎಜ್‌ಕಂಬ್ ನಮ್ಮವರೆಗೆ ಬರುವುದು ಅನುಮಾನ. ಟೆಕ್ಸಸ್‌ನ ಟ್ರೇ ಜಾನ್ಸನ್ ಪಂದ್ಯಕ್ಕೆ 19.9 ಪಾಯಿಂಟ್ ಹೊಡೆದಿದ್ದಾನೆ, ಒಳ್ಳೆಯ ಶೂಟರ್. ನನ್ನ ನಿದ್ದೆ ಕೆಡಿಸಿರುವುದು ಮಾತ್ರ ಬೇರೆ ಇಬ್ಬರು.

ಒಬ್ಬ ಡ್ಯೂಕ್‌ನ ಕಾನ್ ಕನಿಪಲ್. 14.4 ಪಾಯಿಂಟ್, ಮೂರು ಪಾಯಿಂಟ್ ಗೆರೆಯಾಚೆಯಿಂದ ಶೇ 40.6. ನೋಡಲು ಬ್ಯಾಂಕ್ ಕ್ಯಾಷಿಯರ್ ಥರ. (ನಾನೇ ಬ್ಯಾಂಕಿನವನು, ಹೇಳಬಹುದು.) ಅವಸರ ಇಲ್ಲ, ಹಾರಾಟ ಇಲ್ಲ, ಲೆಕ್ಕ ತಪ್ಪಲ್ಲ.

ಇನ್ನೊಬ್ಬ ರಟ್ಗರ್ಸ್‌ನ ಏಸ್ ಬೇಲಿ. 17.6 ಪಾಯಿಂಟ್, 7.2 ರೀಬೌಂಡ್ (ಬುಟ್ಟಿಗೆ ಬೀಳದೆ ಪುಟಿದ ಚೆಂಡು ಹಿಡಿಯುವುದು). ದಿನಾ ಬೆಳಿಗ್ಗೆ ಮಂಡ್ಯದ ರೈಲಿನಲ್ಲಿ ಇವನ ವಿಡಿಯೋ ನೋಡುತ್ತೇನೆ. ಮೊನ್ನೆ ಶ್ರೀರಂಗಪಟ್ಟಣದ ಸೇತುವೆ ಮೇಲೆ ರೈಲು ಹೋಗುವಾಗ ಒಂದು ಶಾಟ್ ನೋಡಿದೆ. ಇಬ್ಬರು ಮೈಮೇಲೆ ಬಿದ್ದಿದ್ದಾರೆ, ಬೀಳುತ್ತಲೇ ಹಿಂದಕ್ಕೆ ವಾಲಿ ಹಾಕಿದ. ಹೋಯಿತು ಒಳಗೆ. "ಅಯ್ಯೋ" ಅಂತ ಜೋರಾಗಿ ಅಂದುಬಿಟ್ಟೆ. ಎದುರು ಸೀಟಿನ ಹೂವಿನಮ್ಮ ಬುಟ್ಟಿ ಹತ್ತಿರ ಎಳೆದುಕೊಂಡಳು. ಆದರೆ ಅದು ಹಾಕಬೇಕಾದ ಶಾಟೇ ಅಲ್ಲ! ಪಕ್ಕದಲ್ಲಿ ಒಬ್ಬ ಖಾಲಿ ನಿಂತಿದ್ದ.

2022ರಲ್ಲಿ ನಮ್ಮ ದೊಡ್ಡ ಆಟಗಾರರಾದ ಗೊಬೇರ್, ಮಿಚೆಲ್ ಇಬ್ಬರನ್ನೂ ಮಾರಿ ತಂಡವನ್ನು ಬುಡದಿಂದ ಕಟ್ಟುತ್ತೇವೆ ಅಂದರು. ಆಮೇಲಿನ ಮೂರು ಸೀಸನ್‌ನಲ್ಲಿ ಗೆದ್ದ ಪಂದ್ಯ 37, 31, 17. ಕಟ್ಟೋದು ಅಂದರೆ ಮೇಲಕ್ಕೆ ಅಲ್ವಾ? ಹೇಳಿ, ಇಬ್ಬರೂ ಉಳಿದಿದ್ದರೆ ಯಾರು?

ಎಕ್ಸೆಲ್ ಸ್ವಾಮಿ (21 ಜೂನ್)

ಸರ್, ಕನಿಪಲ್. ಯೋಚನೆ ಮಾಡುವುದೇ ಬೇಡ.

ಕಾಲೇಜಿನಲ್ಲಿ ಆಡುವುದು ಮೂವತ್ತು ಚಿಲ್ಲರೆ ಪಂದ್ಯ. ಅಷ್ಟರಲ್ಲಿ ಮೂರು ಪಾಯಿಂಟಿನ ಲೆಕ್ಕ ನಂಬುವುದು ಕಷ್ಟ, ಅದೃಷ್ಟ ಜಾಸ್ತಿ ಸೇರಿರುತ್ತದೆ. ನಾನು ಫ್ರೀ ಥ್ರೋ ನೋಡುತ್ತೇನೆ. ಎದುರಿಗೆ ಯಾರೂ ಇಲ್ಲ, ಅದೇ ದೂರ, ಅದೇ ಚೆಂಡು. ಕೈ ಎಂಥದು ಅಂತ ಅಲ್ಲಿ ಗೊತ್ತಾಗುತ್ತದೆ. ಕನಿಪಲ್ ಶೇ 91.4. ಬೇಲಿ ಶೇ 69.2. ಇನ್ನು ಬೇಲಿಯ ಅಸಿಸ್ಟ್ (ಜೊತೆಗಾರನ ಪಾಯಿಂಟ್‌ಗೆ ದಾರಿ ಮಾಡಿದ ಪಾಸ್) ಪಂದ್ಯಕ್ಕೆ 1.3. ಚೆಂಡು ಅವನ ಕೈಗೆ ಹೋದರೆ ವಾಪಸ್ ಬರುವುದು ಬುಟ್ಟಿಯಿಂದಲೇ.

ಹಾರ್ಪರ್, ಬೇಲಿ ಇಬ್ಬರೂ ಒಂದೇ ತಂಡದಲ್ಲಿದ್ದೂ ರಟ್ಗರ್ಸ್ 15 ಗೆದ್ದು 17 ಸೋತಿತು. ರಾಷ್ಟ್ರೀಯ ಟೂರ್ನಿಗೇ ಹೋಗಲಿಲ್ಲ.

ಇನ್ನೊಂದು. "ಆ ಜಾಗಕ್ಕೆ ನಮ್ಮಲ್ಲಿ ಆಗಲೇ ಒಬ್ಬನಿದ್ದಾನೆ" ಅನ್ನುವ ವಾದಕ್ಕೆ ಮಾತ್ರ ಬೀಳಬೇಡಿ. 1984ರಲ್ಲಿ ಪೋರ್ಟ್‌ಲ್ಯಾಂಡ್ ಹಾಗೆ ಮಾಡಿತು. ಡ್ರೆಕ್ಸ್‌ಲರ್ ಇದ್ದಾನಲ್ಲ, ನಮಗೆ ಬೇಕಿರುವುದು ಎತ್ತರದವನು ಅಂತ ಎರಡನೇ ಪಿಕ್‌ಗೆ ಸ್ಯಾಮ್ ಬೋವಿಯನ್ನು ತಗೊಂಡರು. ಮೂರನೆಯವನು ಜೋರ್ಡನ್. ಅದೇ ಡ್ರಾಫ್ಟಿನಲ್ಲಿ 16ನೆಯವನಾಗಿ ನಿಮ್ಮ ಸ್ಟಾಕ್‌ಟನ್.

ಸರಸ್ವತಿಪುರಂ ಸೆಲ್ಟಿಕ್ (21 ಜೂನ್)

ಇಬ್ಬರೂ ಬೇಡ, ಪಿಕ್ ಮಾರಿ. 2017ರಲ್ಲಿ ನಾವು ಬಾಸ್ಟನ್ ಸೆಲ್ಟಿಕ್ಸ್‌ನವರು ಒಂದನೇ ಪಿಕ್ ಫಿಲಡೆಲ್ಫಿಯಾಗೆ ಕೊಟ್ಟು ಮೂರಕ್ಕೆ ಇಳಿದೆವು. ಅವರು ಫುಲ್ಟ್ಸ್‌ನನ್ನು ತಗೊಂಡರು, ನಾವು ಆಮೇಲೆ ಸ್ಟಾರ್ ಆದ ಟೇಟಮ್‌ನನ್ನು. ಮೇಲೊಂದು ಪಿಕ್ ಬೇರೆ ಸಿಕ್ಕಿತು. ಆ ವ್ಯಾಪಾರ ಮಾಡಿದ ಡ್ಯಾನಿ ಐಂಜ್ ಈಗ ನಿಮ್ಮಲ್ಲೇ ಇದ್ದಾರೆ. ನೀವು ಸುಮ್ನೆ ನಿದ್ದೆ ಮಾಡಿ.

ಅಂದ ಹಾಗೆ, ಹಿಂದೆ ಐದನೇ ಪಿಕ್ ಸಿಕ್ಕಾಗ ಯಾರನ್ನು ತಗೊಂಡಿದ್ದಿರಿ? ಮರೆತುಹೋಗಿದೆ 😄

ಒಂಟಿಕೊಪ್ಪಲ್ ಜಾಝ್ (22 ಜೂನ್)

ಮರೆತಿಲ್ಲ ನಿನಗೆ, ಬೇಕಂತಲೇ ಕೇಳುತ್ತಿದ್ದೀಯ. 2014, ಡಾಂಟೆ ಎಕ್ಸಮ್. ಆಸ್ಟ್ರೇಲಿಯಾದ ಹುಡುಗ, ಅಮೆರಿಕದ ಕಾಲೇಜಿನಲ್ಲಿ ಒಂದು ಪಂದ್ಯವನ್ನೂ ಆಡಿರಲಿಲ್ಲ. ಇದ್ದ ನಾಲ್ಕು ವಿಡಿಯೋವನ್ನೇ ನಲವತ್ತು ಸಲ ನೋಡಿ ನಾನೂ ಕುಣಿದಿದ್ದೆ. ಮರುವರ್ಷ ಮಂಡಿ ಹೋಯಿತು. ಒಳ್ಳೆಯ ಹುಡುಗ ಪಾಪ, ಆದರೆ ನಾವು ಅಂದುಕೊಂಡ ಆಟಗಾರ ಆಗಲಿಲ್ಲ. ಅದಕ್ಕೇ ಈ ಸಲ ವಿಡಿಯೋ ಅಂದರೆ ಭಯ.

ವಿಚಿತ್ರ ನೋಡಿ. ನಮಗೆ ಬದುಕು ಕೊಟ್ಟವರೆಲ್ಲ ಸಾಲಿನ ಹಿಂದೆ ನಿಂತಿದ್ದವರು. ಸ್ಟಾಕ್‌ಟನ್ 16, ಮಲೋನ್ 13, ಮಿಚೆಲ್ 13, ಗೊಬೇರ್ 27. ಮುಂದಿನ ಸಾಲಿನಲ್ಲಿ ಡೆರಾನ್ ವಿಲಿಯಮ್ಸ್ ಒಬ್ಬನನ್ನು ಬಿಟ್ಟರೆ ಹೇಳಿಕೊಳ್ಳುವಂಥದ್ದೇನೂ ಇಲ್ಲ.

ಸ್ವಾಮಿ, ನಿಮ್ಮ ಲೆಕ್ಕ ಒಪ್ಪುತ್ತೇನೆ. ಇನ್ನೊಂದು ತಲೆನೋವು ನೀವು ಹೇಳಲಿಲ್ಲ. ಬೇಲಿ ಯಾವ ತಂಡದ ಮುಂದೆಯೂ ಹೋಗಿ ಆಡಿ ತೋರಿಸಿಲ್ಲ. ಫಿಲಡೆಲ್ಫಿಯಾಗೆ ಬರುತ್ತೇನೆ ಅಂದು ಅದನ್ನೂ ರದ್ದು ಮಾಡಿದ. ಹೆಣ್ಣು ನೋಡುವ ಶಾಸ್ತ್ರಕ್ಕೆ ಗಂಡೇ ಬರಲ್ಲ, ಫೋಟೋ ನೋಡಿ ಒಪ್ಪಿಕೊಳ್ಳಿ ಅಂದ ಹಾಗಾಯಿತು. ಬುದ್ಧಿ ಕನಿಪಲ್ ಅನ್ನುತ್ತದೆ. ಆದರೂ ರಾತ್ರಿ ಮಲಗುವ ಮುಂಚೆ ಕೈ ಹೋಗುವುದು ಬೇಲಿ ವಿಡಿಯೋಗೇ.

ಮಂಡ್ಯ ಹಾಫ್‌ಕೋರ್ಟ್ (22 ಜೂನ್)

ಅಣ್ಣ, ನಾನು ಮಂಡ್ಯದಲ್ಲಿ ಹೆಣ್ಣುಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡುತ್ತೇನೆ. ಎನ್‌ಬಿಎ ಅಷ್ಟಾಗಿ ನೋಡಲ್ಲ. ಆಟಗಾರರನ್ನು ಆರಿಸಿ ಬೈಸಿಕೊಂಡ ಅನುಭವ ಮಾತ್ರ ಸಾಕಷ್ಟಿದೆ.

ಮೊದಲು ನಿಮ್ಮ ಬೇಲಿಯ ಎತ್ತರ. 6 ಅಡಿ 10 ಇಂಚು ಅಂತ ಬರೆದುಕೊಂಡಿದ್ದ, ಶೂ ಬಿಚ್ಚಿಸಿ ಅಳೆದರೆ 6 ಅಡಿ ಏಳೂವರೆ ಇಂಚು. ನಕ್ಕು ಸಾಕಾಯಿತು. ನಮ್ಮಲ್ಲಿ ವಯಸ್ಸಿನ ಸರ್ಟಿಫಿಕೇಟು, ಅವರಲ್ಲಿ ಎತ್ತರ.

ಕೆಲವು ವರ್ಷದ ಹಿಂದೆ ನನ್ನ ಹದಿನಾರರೊಳಗಿನ ತಂಡದ ಹಳೆಯ ಮಕ್ಕಳೆಲ್ಲ ಪಿಯುಸಿಗೆ ಹೋಗಿಬಿಟ್ಟರು. ಐದು ಜನರನ್ನು ಒಟ್ಟು ಮಾಡುವುದೇ ಕಷ್ಟ. ಕೊನೆಯ ಜಾಗಕ್ಕೆ ಇಬ್ಬರು. ಒಬ್ಬಳು ಹೇಳಿದ ಜಾಗದಲ್ಲಿ ನಿಲ್ಲುತ್ತಾಳೆ, ಪಾಸ್ ಸರಿಯಾಗಿ ಕೊಡುತ್ತಾಳೆ, ಮನೆಗೆ ಹೋಗುವ ಮುಂಚೆ ಚೆಂಡುಗಳನ್ನು ಎಣಿಸಿ ಇಡುತ್ತಾಳೆ. ಇನ್ನೊಬ್ಬಳಿಗೆ ಚೆಂಡು ಸಿಕ್ಕಿತೋ ಶಾಟೇ. ಬೈದರೆ ಎದುರು ಮಾತು. ಆದರೆ ಎರಡು ಕೈ ಅಡ್ಡ ಬಂದರೂ ಅವಳ ಶಾಟ್ ಮೇಲಿಂದ ಹೋಗುತ್ತಿತ್ತು. ಅದನ್ನು ನಾನು ಕಲಿಸಿರಲಿಲ್ಲ, ಯಾರೂ ಕಲಿಸಿರಲಿಲ್ಲ.

ನಾನು ಮೊದಲನೆಯವಳನ್ನು ತಗೊಂಡೆ. ತಂಡಕ್ಕೆ ಶಿಸ್ತು ಬೇಕು ಅಂತ ಎಲ್ಲರಿಗೂ ಹೇಳಿದೆ. ನಿಜ ಹೇಳಬೇಕೆಂದರೆ ಎರಡನೆಯವಳ ಬಾಯಿ ನನಗೆ ಆಗುತ್ತಿರಲಿಲ್ಲ, ಅಷ್ಟೇ. ಆ ವರ್ಷ ಹಿಂದಿಗಿಂತ ಕಡಿಮೆ ಅಂತರದಲ್ಲಿ ಸೋತೆವು. ಸೋತಿದ್ದು ಸೋತಿದ್ದೇ. ಎರಡನೆಯವಳು ಇನ್ನೊಂದು ಊರಿನ ತಂಡ ಸೇರಿ ನಮ್ಮ ವಿರುದ್ಧ ಆಡಿದಳು. ಆ ದಿನ ಅವಳು ಪಾಸೂ ಕೊಟ್ಟಳು! ಯಾರೋ ಕೂರಿಸಿಕೊಂಡು ಹೇಳಿಕೊಟ್ಟಿದ್ದರು. ನಾನು ಹೇಳಿಕೊಡಬಹುದಿತ್ತು.

ನಿಮ್ಮ ತಂಡ ಗೆಲ್ಲುವ ತಂಡವಾಗಿದ್ದರೆ ನಾನೂ ಕ್ಯಾಷಿಯರ್‌ನನ್ನೇ ತಗೊಳ್ಳಿ ಅನ್ನುತ್ತಿದ್ದೆ. ಪಕ್ಕದಲ್ಲಿ ದೊಡ್ಡ ಆಟಗಾರ ಇದ್ದಾಗ ಅಂಥವನ ಬೆಲೆ ಗೊತ್ತಾಗೋದು. ನಿಮ್ಮಲ್ಲಿ ಆ ದೊಡ್ಡವನೇ ಇಲ್ಲವಲ್ಲ. ನಮ್ಮಪ್ಪ ಕಬ್ಬಿನವರು. ಮೂರು ಸಲ ಕೂಳೆ ಬಿಟ್ಟ ಮೇಲೆ ಗದ್ದೆಯಲ್ಲಿ ಇಳುವರಿ ಇರಲ್ಲ, ಬುಡ ಕಿತ್ತು ಹೊಸ ನಾಟಿ ಮಾಡಬೇಕು ಅನ್ನುತ್ತಿದ್ದರು. ನೀವು 37, 31, 17 ಅಂತ ಬರೆದಿದ್ದು ನೋಡಿ ಅದೇ ನೆನಪಾಯಿತು. ಕೂಳೆ ಮೇಲೆ ಎಷ್ಟು ಗೊಬ್ಬರ ಹಾಕಿದರೂ ಅಷ್ಟೇ.

ಬೇಲಿ. ಆದರೆ ಅವನಿಗೆ ಪಾಸ್ ಕೊಡುವವನೊಬ್ಬ ಇದ್ದಾನಾ ನಿಮ್ಮಲ್ಲಿ?

ಎಕ್ಸೆಲ್ ಸ್ವಾಮಿ (22 ಜೂನ್)

ಮೇಡಂ, ಒಬ್ಬಳ ಕಥೆ ಇಟ್ಟುಕೊಂಡು ತೀರ್ಮಾನ ಮಾಡೋಕಾಗಲ್ಲ. ಶಾಟ್ ಹಾಕುತ್ತಲೇ ಇದ್ದು ಕೊನೆಗೂ ಕಲಿಯದವರ ಪಟ್ಟಿ ಬೇಕಾದರೆ ಕಳಿಸುತ್ತೇನೆ, ಉದ್ದ ಇದೆ.

ಮಂಡ್ಯ ಹಾಫ್‌ಕೋರ್ಟ್ (22 ಜೂನ್)

ಕಳಿಸಪ್ಪ. ಜೊತೆಗೆ ಅವರಿಗೆ ಕಲಿಸಿದವರ ಪಟ್ಟಿಯೂ ಇರಲಿ.

ಒಂಟಿಕೊಪ್ಪಲ್ ಜಾಝ್ (23 ಜೂನ್)

ಮೇಡಂ, ಪಾಸ್ ಕೊಡುವವನು ಇದ್ದಾನೆ. ಐಸಾಯಾ ಕೊಲಿಯರ್. ಕಳೆದ ವರ್ಷ 29ನೇ ಪಿಕ್. ಮೊದಲ ವರ್ಷದಲ್ಲೇ ತಂಡದಲ್ಲಿ ಸ್ಟಾಕ್‌ಟನ್‌ನ ರೂಕಿ (ಮೊದಲ ವರ್ಷದ ಆಟಗಾರ) ಅಸಿಸ್ಟ್ ದಾಖಲೆ ದಾಟಿದ. ನನಗೆ ಖುಷಿಪಡಬೇಕೋ ಬೇಜಾರು ಮಾಡಿಕೊಳ್ಳಬೇಕೋ ಗೊತ್ತಾಗಲಿಲ್ಲ. ಅವನಿಗೆ ಶಾಟ್ ಬರಲ್ಲ, ಬೇಲಿಗೆ ಪಾಸ್ ಬರಲ್ಲ. ಇಬ್ಬರನ್ನೂ ಸೇರಿಸಿದರೆ ಒಬ್ಬ ಪೂರ್ತಿ ಆಟಗಾರ.

ನಿಮ್ಮ ಮಾತು ಓದಿದ ಮೇಲೆ ಒಂದು ವಿಷಯ ಹೊಳೆಯಿತು. ನಾನು ಕನಿಪಲ್ ಅನ್ನುತ್ತಿದ್ದುದು ಅವನ ಆಟಕ್ಕಲ್ಲ, ನನ್ನ ಸುಸ್ತಿಗೆ. ಇನ್ನೊಂದು ವರ್ಷ ಬೆಳಿಗ್ಗೆ ಎದ್ದು ಮೂವತ್ತು ಪಾಯಿಂಟಿನಲ್ಲಿ ಸೋಲುವುದನ್ನು ನೋಡಬಾರದು, ಹನ್ನೆರಡರಲ್ಲಿ ಸೋತರೂ ಪರವಾಗಿಲ್ಲ ಅಂತ. ಅದು ತಂಡ ಕಟ್ಟುವವನ ಲೆಕ್ಕ ಅಲ್ಲ, ಆಫೀಸಿಗೆ ಹೋಗುವವನ ಲೆಕ್ಕ.

ಸರಿ, ಬೇಲಿ. ಹೆದರಿಕೆ ಇಟ್ಟುಕೊಂಡೇ ಹೇಳುತ್ತಿದ್ದೇನೆ.

ಒಂಟಿಕೊಪ್ಪಲ್ ಜಾಝ್ (26 ಜೂನ್, ರೈಲಿನಿಂದ)

ಇಷ್ಟು ದಿನ ಜಗಳವಾಡಿದ್ದೆಲ್ಲ ದಂಡ. ಮೂರಕ್ಕೆ ಎಜ್‌ಕಂಬ್ ಫಿಲಡೆಲ್ಫಿಯಾಗೆ. ನಾಲ್ಕಕ್ಕೆ ಕನಿಪಲ್‌ನನ್ನು ಶಾರ್ಲಟ್‌ನವರು ಎತ್ತಿಕೊಂಡರು. ಇಬ್ಬರಲ್ಲಿ ಯಾರು ಅನ್ನುವ ಪ್ರಶ್ನೆ ನಮ್ಮವರೆಗೆ ಬರಲೇ ಇಲ್ಲ. ಐದಕ್ಕೆ ಏಸ್ ಬೇಲಿ ಅಂತ ಕೂಗಿದಾಗ ನಾನು ಒಂದು ಸಾಕ್ಸ್ ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದು ಟಿವಿ ಮುಂದೆ ನಿಂತಿದ್ದೆ. ಟ್ರೇ ಜಾನ್ಸನ್ ಮಾತ್ರ ಇನ್ನೂ ಉಳಿದಿದ್ದ, ಮರುಕ್ಷಣವೇ ವಾಷಿಂಗ್ಟನ್‌ನವರು ತಗೊಂಡರು.

ಹೆಂಡತಿ ಬೇಲಿ ಮುಖ ನೋಡಿ "ಹುಡುಗ ನಗುಮುಖದವನು" ಅಂದಳು. ನನ್ನ ಮನೆಯಲ್ಲಿ ಇಷ್ಟು ಒಳ್ಳೆಯ ಸ್ಕೌಟಿಂಗ್ ರಿಪೋರ್ಟ್ ಇದುವರೆಗೆ ಯಾರಿಗೂ ಸಿಕ್ಕಿರಲಿಲ್ಲ.

ಸ್ವಾಮಿ, ಫ್ರೀ ಥ್ರೋ ಲೆಕ್ಕ ಬರೆದಿಟ್ಟುಕೊಳ್ಳಿ. ಶೇ 69.2 ಅಲ್ವಾ? ಏಪ್ರಿಲ್‌ನಲ್ಲಿ ಮಾತಾಡೋಣ.

ಮಂಡ್ಯ ಹಾಫ್‌ಕೋರ್ಟ್ (26 ಜೂನ್)

ಅಣ್ಣ, ಅಲ್ಲಿಯವರೆಗೆ ಸುಮ್ನೆ ಕೂರಬೇಡಿ. ಭಾನುವಾರ ಬೆಳಿಗ್ಗೆ ಏಳಕ್ಕೆ ಮಕ್ಕಳ ಮ್ಯಾಚ್ ಇದೆ, ಸ್ಕೋರ್ ಬರೆಯೋಕೆ ಜನ ಇಲ್ಲ. ರೈಲು ಹೇಗೂ ನಿಮಗೆ ಗೊತ್ತು. ಪೆನ್ನು ತನ್ನಿ, ಕೋರ್ಟ್ ಹತ್ತಿರ ತಟ್ಟೆ ಇಡ್ಲಿ ಸಿಗುತ್ತದೆ.