22 ವರ್ಷದ ಹಿರೇಮಠ ಹುಡುಗನ ಬಗ್ಗೆ ಬಂದ ಮೆಸೇಜಿಗೆ ನನ್ನ ಉತ್ತರ

ಕಾಕಾ, ನಮಸ್ಕಾರ್ರಿ. ಎಲ್ಲಾರೂ ಸ್ವಲ್ಪ ಪುರಸೊತ್ತು ಮಾಡ್ಕೊಂಡು ಕೇಳ್ರಿ, ಇದು ಜರಾ ಉದ್ದ ಆಗತೈತಿ. ನಿನ್ನೆ ಸಂಜಿಮುಂದ ಮಂಜು ಈ ಗ್ರೂಪಿನಾಗ ತನಗ ನೌಕರಿ ಸಿಕ್ಕ ಸುದ್ದಿ ಹಾಕಿದ. ಅದರ ಕೆಳಗನ ನೀವು ಒಂದು ಫಾರ್ವರ್ಡ್ ಹಾಕಿದ್ರಿ. ಅಮೆರಿಕಾದಾಗ 22 ವರ್ಷದ ಹಿರೇಮಠ ಹುಡುಗ ಸ್ವಂತ ದುಡಿಮಿಯಿಂದ ಸಾವಿರಾರು ಕೋಟಿ ಗಳಿಸ್ಯಾನ, ನಮ್ಮ ಹುಡುಗೂರು ಮೊಬೈಲ್ ತಿಕ್ಕೊಂತ ಕುಂತಾರ ಅಂತ. ನೀವು ಕೆಟ್ಟ ಮನಸಿನಿಂದ ಹಾಕಿಲ್ಲ, ನಂಗೊತ್ತು. ಆದ್ರ ಅದಾದ ಮ್ಯಾಲ ಮಂಜು ಒಬ್ಬರಿಗೂ ಉತ್ತರ ಕೊಟ್ಟಿಲ್ಲ. ಅದು ನನ್ನ ಮನಸಿಗೆ ಭಾಳ ಹತ್ತಿತು.

ಸುದ್ದಿ ಸುಳ್ಳಲ್ಲ. ಹುಡುಗನ ಹೆಸರು ಆದರ್ಶ ಹಿರೇಮಠ. ಬ್ರೆಂಡನ್ ಫೂಡಿ, ಸೂರ್ಯ ಮಿಢಾ ಅಂತ ಇನ್ನಿಬ್ಬರು ಗೆಳ್ಯಾರು. ಮೂವರೂ ಕೂಡಿ 2023ರಾಗ ಮರ್ಕೋರ್ ಅನ್ನೋ ಕಂಪನಿ ಚಾಲೂ ಮಾಡಿದ್ರು. 2025ರ ಅಕ್ಟೋಬರ್‌ದಾಗ ಅದರ ಬೆಲಿ 10 ಬಿಲಿಯನ್ ಡಾಲರ್ ಅಂತ ಆತು. 2008ರಾಗ ಫೇಸ್‌ಬುಕ್ಕಿನ ಝಕರ್‌ಬರ್ಗ್ 23ನೇ ವಯಸ್ಸಿನಾಗ ಸ್ವಂತ ದುಡಿಮಿಯಿಂದ ಬಿಲಿಯನೇರ್ ಆಗಿದ್ದ, ಇವರು 22ಕ್ಕ ಆದ್ರು. ಹಿರೇಮಠ ಅನ್ನೋ ಹೆಸರು ಕೇಳಿದ ಕೂಡಲೇ ನಮ್ಮ ಕಡೆಯಾಂವ ಅಂತ ನಂಗೂ ಅಭಿಮಾನ ಆತು. ಹುಡುಗ ಖರೇನ ಶ್ಯಾಣ್ಯಾ. ಅಂವ ಮತ್ತ ಮಿಢಾ ಸಾಲ್ಯಾಗಿದ್ದಾಗ ಚರ್ಚಾಸ್ಪರ್ಧಾದಾಗ ಅಮೆರಿಕಾದ ಮೂರೂ ದೊಡ್ಡ ರಾಷ್ಟ್ರಮಟ್ಟದ ಪ್ರಶಸ್ತಿ ಒಂದ ವರ್ಷ ಗೆದ್ದಾರ, ಅವರಿಗಿಂತ ಮೊದಲ ಯಾವ ಜೋಡಿನೂ ಹಂಗ ಗೆದ್ದಿರಲಿಲ್ಲ.

ಆದ್ರ ಅಂವ ಓದಿದ್ದು ಸ್ಯಾನ್ ಹೋಸೆಯ ಬೆಲ್ಲರ್ಮೈನ್ ಸಾಲ್ಯಾಗ, ಸಿಲಿಕಾನ್ ವ್ಯಾಲಿ ನಟ್ಟನಡುವ. ಮುಂದ ಹಾರ್ವರ್ಡ್. ಕಾಲೇಜು ಬಿಟ್ಟು ಕಂಪನಿ ಕಟ್ಟೋ ಹುಡುಗೂರಿಗೆ ಅಂತನ ರೊಕ್ಕ ಕೊಡೋ ಥೀಲ್ ಫೆಲೋಶಿಪ್ ಅಂತ ಒಂದೈತಿ, ಅದೂ ಇವರಿಗೆ ಸಿಕ್ತು. ಕಾಲೇಜು ಬಿಟ್ಟು ಸೋತ್ರೂ ವಾಪಸ್ ಹೋಗಾಕ ದಾರಿ ಇತ್ತು. ನಮ್ಮ ಮಂಜು ಕಾಲೇಜು ಬಿಡ್ತೇನಿ ಅಂದಿದ್ರ ನೀವ ಮೊದಲ ಬೈತಿದ್ರಿ ಕಾಕಾ, ಮತ್ತ ಬೈಯೋದು ಬರೋಬ್ಬರಿನೂ ಇತ್ತು.

ಇವರು ಮಾಡಿದ ಕೆಲಸ ಏನು ಅಂತ ಆ ಮೆಸೇಜಿನಾಗ ಒಂದು ಸಾಲೂ ಇಲ್ಲ. ಮೊದಲ ಭಾರತದ ಎಂಜಿನಿಯರ್‌ಗಳನ್ನ ಹುಡುಕಿ ಅಮೆರಿಕಾದ ಕಂಪನಿಗಳಿಗೆ ಕೊಡ್ತಿದ್ರು, ಇಂಟರ್‌ವ್ಯೂ ಕಂಪ್ಯೂಟರ್‌ನ ಮಾಡ್ತಿತ್ತು. ಆಮ್ಯಾಲ ಎಐ ಕಂಪನಿಗಳಿಗೆ ಬ್ಯಾರೆ ಥರದ ಮಂದಿ ಬೇಕಾದ್ರು. ಡಾಕ್ಟರು, ವಕೀಲರು, ಬ್ಯಾಂಕಿನವರು. ಒಬ್ಬ ವಕೀಲ ಕುಂತು ತನ್ನ ಕೆಲಸದಾಗಿನ ಒಂದು ಬಿಕ್ಕಟ್ಟಿನ ಪ್ರಶ್ನೆ ಬರೀತಾನ, ಉತ್ತರದಾಗ ಏನೇನು ಇರಬೇಕು ಅಂತ ಪಟ್ಟಿ ಮಾಡ್ತಾನ. ಮಶಿನ್ ಕೊಟ್ಟ ಉತ್ತರ ಅದಕ್ಕ ಹೊಂದತೈತೋ ಇಲ್ಲೋ ನೋಡಿ ಮಾರ್ಕ್ಸ್ ಹಾಕ್ತಾನ. ಅದರ ಮ್ಯಾಲ ಮಶಿನ್ ಕಲೀತೈತಿ. ಇಂಥಾ ಸಾವಿರಾರು ಮಂದಿಗೆ ತಾಸಿನ ಲೆಕ್ಕದಾಗ ಪಗಾರ ಕೊಟ್ಟು, ನಡುವ ತಮ್ಮ ಪಾಲು ಇಟ್ಕೊಳ್ಳೋದು ಮರ್ಕೋರ್ ಧಂದೆ. ಬೇಡಿಕಿ ಎದ್ದ ಹೊತ್ತಿಗೆ ಸರಿಯಾಗಿ ಇವರು ಅಲ್ಲಿದ್ರು. ಚುರುಕತನಾನೂ ಐತಿ, ಕಾಲ ಕೂಡಿ ಬಂದದ್ದೂ ಐತಿ.

ಇನ್ನ ಆ ಸಾವಿರಾರು ಕೋಟಿ. ಬ್ಯಾಂಕಿನಾಗ ದುಡಿಯೋ ನಾನು ಇದನ್ನ ಹೇಳಲೇಬೇಕು. ಹೂಡಿಕೆದಾರರು ಕಂಪನಿಯಾಗ 350 ಮಿಲಿಯನ್ ಡಾಲರ್ ಹಾಕಿದ್ರು. ಅದು ನೂರಕ್ಕ ಮೂರೂವರೆ ಪಾಲಿನ ಬೆಲಿ ಅಂತ ಹಿಡದು ಇಡೀ ಕಂಪನಿ 10 ಬಿಲಿಯನ್ ಅಂದ್ರು. ಈ ಮೂವರದು ಒಬ್ಬೊಬ್ಬರದು ಸುಮಾರು ನೂರಕ್ಕ 22 ಪಾಲು ಅಂತ ಫೋರ್ಬ್ಸ್ ಪತ್ರಿಕೆಯವರು ಅಂದಾಜು ಮಾಡ್ಯಾರ. ಅಂದ್ರ 2 ಬಿಲಿಯನ್‌ಗೂ ಮ್ಯಾಲ. ಊರ ಹೊರಗ ಯಾರೋ ಒಂದು ಗುಂಟೆ ಭಾರೀ ರೇಟಿಗೆ ತಗೊಂಡ್ರ ಬಾಜೂ ನಾಕ ಎಕರೆ ಇದ್ದಾಂವ ಕೋಟ್ಯಾಧೀಶ ಅನಸ್ತಾನಲ್ಲ, ಹಂಗ. ಶ್ರೀಮಂತರ ಪಟ್ಟಿಯಾಗ ಹೆಸರು ಬಂತು ಅಂದ ಮಾತ್ರಕ್ಕ ಅಷ್ಟು ರೊಕ್ಕ ಅಂವನ ಖಾತೆಗೆ ಜಮಾ ಆಗಿರೂದಿಲ್ಲ. ಕಂಪನಿ ಏಳೋದು ಬೀಳೋದರ ಮ್ಯಾಲ ಅದೂ ಏಳತೈತಿ, ಬೀಳತೈತಿ.

ನನಗ ಹೆಚ್ಚ ಲಕ್ಷ್ಯಕ್ಕ ಬಂದದ್ದು ಬ್ಯಾರೆ. ಸಣ್ಣ ವಯಸ್ಸಿನ ಕೋಟ್ಯಾಧೀಶರು ಅಂದ್ರ ಇಂಥವರ ಇರ್ತಾರ ಅನ್ಕೊಂಡೇವಿ ನಾವು. 2024ರ ಫೋರ್ಬ್ಸ್ ಪಟ್ಟಿಯಾಗ 30ರ ಒಳಗಿನವರು ಒಬ್ಬರೂ ಸ್ವಂತ ಗಳಿಸಿದವರಲ್ಲ. 2009ರ ನಂತರ ಹಂಗ ಆದದ್ದು ಅದ ಮೊದಲು. ಎಲ್ಲಾರಿಗೂ ಹಿರೇರಿಂದ ಬಂದದ್ದು. ಆ ವರ್ಷ ಎಲ್ಲಾರಕಿಂತ ಸಣ್ಣಾಕಿ ಬ್ರೆಝಿಲ್‌ದಾಗಿನ 19 ವರ್ಷದ ಕಾಲೇಜು ಹುಡುಗಿ. ಅಕಿ ಅಜ್ಜ ವೆರ್ನರ್ ಫೋಯ್ಗ್ಟ್ ಇಲೆಕ್ಟ್ರಿಶಿಯನ್. 1961ರಾಗ ಜರಾಗ್ವಾ ದೊ ಸುಲ್ ಅನ್ನೋ ಊರಾಗ ಒಬ್ಬ ಮೆಕ್ಯಾನಿಕ್, ಇನ್ನೊಬ್ಬ ಆಡಳಿತ ಬಲ್ಲಾಂವನ ಜೋಡಿ ಕೂಡಿ ಇಲೆಕ್ಟ್ರಿಕ್ ಮೋಟರ್ ಮಾಡಾಕ ಹತ್ತಿದ. ಅದ ಇವತ್ತಿನ ವೆಗ್ ಕಂಪನಿ. ಮೊಮ್ಮಗಳ ಕೈಗೆ ಬಂದದ್ದು ಅದರ ಶೇರು. ಮರುವರ್ಷದ ಪಟ್ಟಿಯಾಗ ಎಲ್ಲಾರಕಿಂತ ಸಣ್ಣಾಂವ ಜರ್ಮನಿಯವ, 1885ರಾಗ ಚಾಲೂ ಆದ ಔಷಧ ಕಂಪನಿ ಮನೆತನದಾಂವ.

ಇಟಲಿಯ ಲಿಯೊನಾರ್ಡೊ ದೆಲ್ ವೆಕ್ಕಿಯೊ ಕಥಿ ಇನ್ನೂ ನೋಡ್ರಿ. ಅಪ್ಪ ಕಾಯಿಪಲ್ಲೆ ಮಾರಾಂವ, ಮಗ ಹುಟ್ಟೋಕಿಂತ ಮೊದಲ ತೀರ್ಕೊಂಡ. ತಾಯಿಗೆ ಸಾಕೂದು ಆಗಲಿಲ್ಲ, ಹುಡುಗನ್ನ ಮಿಲಾನದ ಅನಾಥಾಶ್ರಮಕ್ಕ ಬಿಟ್ಟಳು. ಅಂವ ಲೋಹದ ಅಚ್ಚು ಮಾಡೋ ಕೆಲಸ ಕಲತ, ಅಗೋರ್ದೊ ಅನ್ನೋ ಗುಡ್ಡದೂರಿಗೆ ಹೋಗಿ 1961ರಾಗ ಚಾಳೀಸಿನ ಫ್ರೇಮಿನ ಭಾಗ ಮಾಡೋ ಲುಕ್ಸೋಟಿಕಾ ಚಾಲೂ ಮಾಡಿದ. 1999ರಾಗ ರೇ-ಬ್ಯಾನ್ ಅನ್ನೋ ಚಾಳೀಸಿನ ಬ್ರ್ಯಾಂಡ್ ತಗೊಂಡಾಗ ಅಂವಗ 60 ದಾಟಿತ್ತು. 2022ರಾಗ ಅಂವ ಹೋದ ಮ್ಯಾಲ ಹೆಂಡತಿ ಮಕ್ಕಳಿಗೆ ಪಾಲು ಹಂಚಿದ್ರು, ಸಣ್ಣ ಮಗ ಹದಿಹರೆಯದಾಗ ಬಿಲಿಯನೇರ್ ಆದ. ದುಡದಾಂವಗ ಅರವತ್ತು ವರ್ಷ ಹಿಡೀತು ಕಾಕಾ. ಪಟ್ಟಿಯಾಗ ಕಾಣೋದು ಮಗನ ವಯಸ್ಸು.

ನಮ್ಮ ಬೆಂಗಳೂರಾಗೂ ನಿಖಿಲ್ ಕಾಮತ್ ಅದಾನ, ಕಾಲ್ ಸೆಂಟರ್‌ದಾಗ ದುಡದಾಂವ. ಅಣ್ಣ ನಿತಿನ್ ಜೋಡಿ 2010ರಾಗ ಝೆರೋಧಾ ಅನ್ನೋ ಶೇರು ವ್ಯವಹಾರದ ಕಂಪನಿ ಮಾಡಿದ, ಹೊರಗಿನವರ ಬಂಡವಾಳ ತಗೊಳ್ಳಲಿಲ್ಲ. ಪಟ್ಟಿಗೆ ಬರೋದ್ರಾಗ ಅಂವಗೂ 30 ದಾಟಿತ್ತು.

ಮಂಜುಗ ಈಗ 22. ಮನಿಯಿಂದ ಒಂದು ರೂಪಾಯಿ ಸಾಲ ಮಾಡಿಸಲಾರದ ಡಿಪ್ಲೊಮಾ ಮುಗಿಸ್ಯಾನ, ತಾನ ಅರ್ಜಿ ಹಾಕಿ ನೌಕರಿ ಹಿಡದಾನ. ಕಾಕಾ, ಮನಿತನದಾಗ ನೀವು ಹಿರೇರು, ನಿಮ್ಮ ಮಾತಿಗೆ ತೂಕ ಐತಿ. ಇವತ್ತ ಅಂವಗ ಒಂದು ಫೋನ್ ಮಾಡಿ ಭೇಷ್ ಅನ್ರಿ. ಮಂಜು, ನೀ ರವಿವಾರ ಮನಿಗೆ ಬಾ. ಪಿಎಫ್ ನಾಮಿನೇಶನ್, ಪಗಾರದ ಖಾತೆ, ಎಲ್ಲಾ ಕಾಗದಪತ್ರ ತೊಗೊಂಡು ಬಾ, ಅತ್ತಿ ಕುಂತು ತುಂಬಿಸಿ ಕೊಡ್ತಾಳ.