ಪ್ರಶ್ನೋತ್ತರ: ದಫನ ರಿಜಿಸ್ಟರಿನ ಐದನೇ ಕಾಲಂ ಮತ್ತು 1880ರ ಕಾಯ್ದೆ

ಪ್ರಶ್ನೆ: ವೇಲ್ಸ್‌ನ ಹಳ್ಳಿಯೊಂದರ ಚರ್ಚಿನ 1880ರ ದಶಕದ ದಫನ ರಿಜಿಸ್ಟರ್ ಓದುತ್ತಿದ್ದೇನೆ. ಕೊನೆಯ ಕಾಲಂನಲ್ಲಿ ‘ಸಂಸ್ಕಾರ ನಡೆಸಿದವರು’ ಎಂದು ಅಚ್ಚಾಗಿದೆ, ಪುಟದುದ್ದಕ್ಕೂ ಒಬ್ಬರೇ ಪಾದ್ರಿಯ ಸಹಿ. ಒಂದು ಸಾಲಿನಲ್ಲಿ ಮಾತ್ರ ಬೇರೆ ಹೆಸರಿದೆ, ‘ದಫನ ಕಾಯ್ದೆಯಂತೆ ದೃಢೀಕರಿಸಿದವರು’ ಎಂದು ಕೈಬರಹವಿದೆ. ಇವರೂ ಪಾದ್ರಿಯೇ? ಅಂದು ನಡೆದದ್ದೇನು?

ಉತ್ತರ (ಕಾನೂನು ಇತಿಹಾಸ ಕಲಿಸುವವರು): ಪಾದ್ರಿಯೇ ಆಗಿರಬೇಕೆಂದಿಲ್ಲ, ಸತ್ತವರ ಮಗನೋ ತಮ್ಮನೋ ಗೆಳೆಯನೋ ಇರಬಹುದು. ಆ ಅಚ್ಚಿನ ನಮೂನೆ 1812ರ ಕಾಯ್ದೆಯದು: ಪುಟಕ್ಕೆ ಎಂಟು ನಮೂದು, ಹೆಸರು, ಊರು, ಹೂಳಿದ ದಿನ, ವಯಸ್ಸು, ಸಂಸ್ಕಾರ ನಡೆಸಿದವರು. ಆಗ ಚರ್ಚ್ ಆಫ್ ಇಂಗ್ಲೆಂಡಿನ (ಅಂದು ವೇಲ್ಸ್‌ಗೂ ಅದೇ ಅಧಿಕೃತ ಚರ್ಚು) ಪಾದ್ರಿಯನ್ನು ಬಿಟ್ಟು ಬೇರೆಯವರು ಚರ್ಚಿನ ಸ್ಮಶಾನದಲ್ಲಿ ಪ್ರಾರ್ಥನೆ ಹೇಳುವ ಹಾಗೇ ಇರಲಿಲ್ಲ. ಆ ಚರ್ಚಿಗೆ ಸೇರದ ಕ್ರೈಸ್ತ ಪಂಥಗಳಾದ ಮೆಥಡಿಸ್ಟರಿಗೂ ಬ್ಯಾಪ್ಟಿಸ್ಟರಿಗೂ ಊರಿನ ಸ್ಮಶಾನದಲ್ಲಿ ಜಾಗದ ಹಕ್ಕಿತ್ತು, ಆದರೆ ತಮ್ಮ ಬೋಧಕರಿಂದ ವಿಧಿ ಮಾಡಿಸುವ ಹಕ್ಕಿರಲಿಲ್ಲ. ದೀಕ್ಷಾಸ್ನಾನ ಆಗದವರಿಗಂತೂ ಚರ್ಚಿನ ಪ್ರಾರ್ಥನೆಯೂ ಇಲ್ಲ. 1878ರಲ್ಲಿ ಸಫೋಕ್‌ನ ಏಕನ್‌ಹ್ಯಾಮ್‌ನಲ್ಲಿ ಬ್ಯಾಪ್ಟಿಸ್ಟ್ ದಂಪತಿಯ, ದೀಕ್ಷಾಸ್ನಾನ ಆಗದ ಎರಡು ವರ್ಷದ ಕೂಸಿಗೆ ಗೇಟಿನ ಹೊರಗೆ ಪ್ರಾರ್ಥನೆ ಹೇಳಬೇಕಾಯಿತು. ಅದಕ್ಕೂ ಅಲ್ಲಿನ ಪಾದ್ರಿ ಅಡ್ಡ ಬಂದದ್ದು ದೇಶವೆಲ್ಲ ಸುದ್ದಿಯಾಯಿತು. ವೇಲ್ಸ್‌ನ ಸಂಸದ ಜಾರ್ಜ್ ಆಸ್ಬೋರ್ನ್ ಮಾರ್ಗನ್ 1870ರಿಂದಲೂ ಇದಕ್ಕಾಗಿ ಮಸೂದೆ ತರುತ್ತಿದ್ದರು. ಕೊನೆಗೆ 1880ರ ಸೆಪ್ಟೆಂಬರ್ 7ರಂದು ದಫನ ಕಾನೂನು ತಿದ್ದುಪಡಿ ಕಾಯ್ದೆ ಜಾರಿಯಾಯಿತು; ನೋಟಿಸು ಕೊಟ್ಟು, ಆ ಪಾದ್ರಿಯಿಲ್ಲದೆ, ತಮ್ಮದೇ ಕ್ರೈಸ್ತ ವಿಧಿಯಿಂದ ಅಥವಾ ವಿಧಿಯಿಲ್ಲದೆ ಹೂಳಲು ಅವಕಾಶವಾಯಿತು.

ನಿಮ್ಮ ಸಾಲಿನವರು ಮಾಡಿದ್ದು ಹೀಗಿರುತ್ತದೆ. ಮೊದಲು ಕನಿಷ್ಠ 48 ಗಂಟೆ ಮುಂಚೆ ಲಿಖಿತ ನೋಟಿಸು. ಹೊರಗಡೆ ‘ದಫನದ ನೋಟಿಸು’ ಎಂದು ಕಾಣುವಂತೆ ಬರೆದು ಪಾದ್ರಿಯ ಕೈಗೆ ಅಥವಾ ಮನೆಗೆ ಮುಟ್ಟಿಸಬೇಕು. ಒಳಗೆ ದಿನ, ಗಂಟೆ. ಆ ಹೊತ್ತಿಗೆ ಚರ್ಚಿನಲ್ಲಿ ಬೇರೆ ಪೂಜೆ ಮೊದಲೇ ನಿಗದಿಯಾಗಿದ್ದರೆ 24 ಗಂಟೆಯೊಳಗೆ ಪಾದ್ರಿ ಲಿಖಿತವಾಗಿ ಬೇರೆ ಹೊತ್ತು ಹೇಳಬೇಕು. ಆ ಹೊತ್ತು ಏಪ್ರಿಲ್ 1ರಿಂದ ಅಕ್ಟೋಬರ್ 1ರವರೆಗೆ ಬೆಳಿಗ್ಗೆ 10ರಿಂದ ಸಂಜೆ 6ರ ಒಳಗೆ, ಉಳಿದ ತಿಂಗಳಲ್ಲಿ ಮಧ್ಯಾಹ್ನ 3ರ ಒಳಗೆ ಇರಬೇಕು, ಚಳಿಗಾಲದಲ್ಲಿ ಬೇಗ ಕತ್ತಲಾಗುತ್ತದಲ್ಲ. ಪಾದ್ರಿ ಸುಮ್ಮನಿದ್ದರೆ ನೋಟಿಸಿನ ಗಂಟೆಯೇ ಖಾಯಂ. ಭಾನುವಾರ, ಗುಡ್ ಫ್ರೈಡೇ, ಕ್ರಿಸ್‌ಮಸ್ ದಿನಕ್ಕೆ ಮಾತ್ರ ಕಾರಣ ಬರೆದು ಆಕ್ಷೇಪಿಸಬಹುದಿತ್ತು.

ಹೂಳಿದ ದಿನವೇ, ತಪ್ಪಿದರೆ ಮಾರನೇ ದಿನ, ಹೊಣೆ ಹೊತ್ತವರು ಕಾಯ್ದೆಯ ಎರಡನೇ ನಮೂನೆಯಲ್ಲಿ ಪ್ರಮಾಣಪತ್ರ ಬರೆದು ಕಳಿಸಬೇಕು. ಪಾದ್ರಿ ಅದನ್ನು ನೋಡಿ ರಿಜಿಸ್ಟರಿಗೆ ಏರಿಸುತ್ತಾರೆ. ಸಂಸ್ಕಾರ ನಡೆಸಿದವರ ಬದಲು ದೃಢೀಕರಿಸಿದವರ ಹೆಸರು ಬರೆಯಬೇಕೆಂದು ಕಾಯ್ದೆಯೇ ಹೇಳುತ್ತದೆ. ಹಾಗಾಗಿ ಆ ಹೆಸರಿನಿಂದ ಬೋಧಕ ಯಾರೆಂದು ತೀರ್ಮಾನಿಸಬೇಡಿ; ವಂಶಾವಳಿ ಹುಡುಕುವವರು ಎಡವುವುದೇ ಇಲ್ಲಿ. ಶುಲ್ಕವೂ ಮಾಫಿ ಆಗಲಿಲ್ಲ: ತಾವು ನಡೆಸದ ಸಂಸ್ಕಾರಕ್ಕೂ ಪಾದ್ರಿಗೆ ಎಂದಿನಷ್ಟೇ ಸಲ್ಲುತ್ತಿತ್ತು.

ಪ್ರಶ್ನೆ: ಧನ್ಯವಾದ ಸರ್. ಗುಂಡಿ ಎಲ್ಲಿ ತೋಡಬೇಕೆಂದು ಯಾರು ಹೇಳುತ್ತಿದ್ದರು? ಅಲ್ಲಿ ಭಾಷಣ ಮಾಡಬಹುದಿತ್ತೇ?

ಉತ್ತರ (ಅದೇ ಬೋಧಕರು): ಗುಂಡಿಯ ಜಾಗವನ್ನು ಪಾದ್ರಿಯೇ ತೋರಿಸುವ ಹಳೆಯ ನಿಯಮವೇ ಉಳಿಯಿತು, ಜಗಳ ಹುಟ್ಟಿದ್ದೂ ಅಲ್ಲೇ. 1888ರಲ್ಲಿ ವೇಲ್ಸ್‌ನ ಲ್ಯಾನ್‌ಫ್ರಾಥೆನ್‌ನಲ್ಲಿ ರಾಬರ್ಟ್ ರಾಬರ್ಟ್ಸ್ ಎಂಬ ಮೆಥಡಿಸ್ಟ್ ಕಲ್ಲುಗಣಿ ಕೆಲಸಗಾರ ಮಗಳ ಪಕ್ಕದಲ್ಲಿ ಮಣ್ಣಾಗಬೇಕೆಂದಿದ್ದ. ಆ ತುಂಡು ಭೂಮಿ 1864ರಲ್ಲಿ ದಾನವಾಗಿ ಬಂದದ್ದು. ಪಾದ್ರಿ 1881ರಲ್ಲಿ ಹೊಸ ಪತ್ರ ಮಾಡಿಸಿ, ಚರ್ಚ್ ಆಫ್ ಇಂಗ್ಲೆಂಡಿನ ವಿಧಿಗೆ ಮಾತ್ರ ಎಂಬ ಷರತ್ತು ಸೇರಿಸಿಕೊಂಡಿದ್ದರು. ಮನೆಯವರು ಡೇವಿಡ್ ಲಾಯ್ಡ್ ಜಾರ್ಜ್ ಎಂಬ ಯುವ ವಕೀಲರ ಸಲಹೆಯಂತೆ ಗೇಟು ಒಡೆದು ಹೂಳಿದರು. ಪಾದ್ರಿ ಅತಿಕ್ರಮಣದ ದಾವೆ ಹಾಕಿದರು. ಅದೇ ಡಿಸೆಂಬರಿನಲ್ಲಿ ಲಂಡನ್ನಿನ ಮೇಲ್ಮನವಿಯಲ್ಲಿ ಕುಟುಂಬ ಗೆದ್ದಿತು. ಆ ವಕೀಲರೇ ಮುಂದೆ ಪ್ರಧಾನಿಯಾದರು.

ಭಾಷಣದ ವಿಷಯದಲ್ಲಿ 7ನೇ ಕಲಂ ಬಿಗಿಯಾಗಿದೆ. ಗದ್ದಲ, ಹಿಂಸೆ, ಅಸಭ್ಯ ವರ್ತನೆ, ಬೇಕೆಂದೇ ಅಡ್ಡಿ, ಯಾವುದೇ ಕ್ರೈಸ್ತ ಪಂಥವನ್ನು ಹಳಿಯುವುದು, ಎಲ್ಲವೂ ಅಪರಾಧ. ಧಾರ್ಮಿಕ ವಿಧಿಯ ಭಾಗವಲ್ಲದ ಭಾಷಣವೂ ಅಪರಾಧವೇ. ಧರ್ಮ ಬೇಡವೆನ್ನುವವರನ್ನು ವಿಧಿಯಿಲ್ಲದೆ ಹೂಳಬಹುದಿತ್ತು, ಆದರೆ ಗುಂಡಿಯ ಬಳಿ ನಾಲ್ಕು ಮಾತಾಡಿ ಬೀಳ್ಕೊಡುವ ಹಾಗಿರಲಿಲ್ಲ. ಈ ಕಾಯ್ದೆಯಲ್ಲಿ ನನಗೆ ತೀರ ಕ್ರೂರ ಅನ್ನಿಸುವ ಭಾಗ ಇದು.

ಪ್ರಶ್ನೆ (ಇನ್ನೊಬ್ಬರು): ಹಿಂದೂ ಒಬ್ಬರು ಅಲ್ಲಿ ತೀರಿಕೊಂಡರೆ?

ಉತ್ತರ: ಚರ್ಚ್ ಅಂಗಳದಲ್ಲಿ ಹಿಂದೂ ವಿಧಿಗೆ ಈ ಕಾಯ್ದೆಯಡಿ ಅವಕಾಶವಿಲ್ಲ, ವಿಧಿ ಇದ್ದರೆ ಅದು ‘ಕ್ರೈಸ್ತ ಮತ್ತು ಶಿಸ್ತಿನ’ ವಿಧಿಯಾಗಿರಬೇಕು. ದಾರಿಯಿದ್ದದ್ದು ಖಾಸಗಿ ಜಾಗ ಅಥವಾ ಸ್ಮಶಾನ ಕಂಪನಿ, ಸ್ಥಳೀಯ ದಫನ ಬೋರ್ಡುಗಳ ಸ್ಮಶಾನದಲ್ಲಿ ಚರ್ಚು ವಿಧಿಪೂರ್ವಕ ಪವಿತ್ರಗೊಳಿಸದ ಭಾಗ. ಕಾಯ್ದೆಗೆ ಬಹಳ ಮುಂಚೆ, 1833ರಲ್ಲಿ ಬ್ರಿಸ್ಟಲ್ ಬಳಿ ತೀರಿಕೊಂಡ ರಾಜಾ ರಾಮಮೋಹನ ರಾಯರನ್ನು ತಂಗಿದ್ದ ಮನೆಯ ತೋಟದಲ್ಲೇ ಮೌನವಾಗಿ ಹೂಳಿ, 1843ರಲ್ಲಿ ಆರ್ನೋಸ್ ವೇಲ್ ಸ್ಮಶಾನಕ್ಕೆ ಸಾಗಿಸಿದರು. 1857ರ ನಂತರ ಹಾಗೆ ಸಾಗಿಸಲು ಗೃಹ ಸಚಿವರ ಪರವಾನಗಿ ಬೇಕಾಯಿತು, ಇಲ್ಲದಿದ್ದರೆ 10 ಪೌಂಡ್‌ವರೆಗೆ ದಂಡ.

ಉತ್ತರ (ವಕೀಲರು): ನಮ್ಮಲ್ಲಿನ ಹೋಲಿಕೆ ಕೇಳುವವರಿಗಾಗಿ: 1860ರ ಭಾರತೀಯ ದಂಡ ಸಂಹಿತೆಯ 297ನೇ ಕಲಂ ಸ್ಮಶಾನದ ಅತಿಕ್ರಮಣಕ್ಕೂ, ಅಂತ್ಯಕ್ರಿಯೆಗೆ ಸೇರಿದವರಿಗೆ ತೊಂದರೆ ಕೊಡುವುದಕ್ಕೂ ಒಂದು ವರ್ಷದವರೆಗೆ ಜೈಲು ಇಟ್ಟಿತ್ತು. ಅಲ್ಲಿ ಯಾವ ಮತದ ಹೆಸರೂ ಇಲ್ಲ, ಎಲ್ಲರ ಸ್ಮಶಾನಕ್ಕೂ ಅನ್ವಯ. ಆದರೆ ಮನಸ್ಸು ನೋಯಿಸುವ ಅಥವಾ ಧರ್ಮವನ್ನು ಅವಮಾನಿಸುವ ಉದ್ದೇಶವಿತ್ತು, ಇಲ್ಲವೇ ಹಾಗಾಗುವುದು ಗೊತ್ತಿತ್ತು ಎಂದು ಸಾಬೀತಾಗಬೇಕು. ದೂರು ಬಿದ್ದುಹೋಗುವುದು ಹೆಚ್ಚಾಗಿ ಅಲ್ಲಿಯೇ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 301ನೇ ಕಲಂ.